ಶಿರಸಿಯಿಂದ ಮಾಜಾಳಿಗೆ, ಎರಡು ಸಲಿಕೆ ಹಿಡಿದು

ಹುಬ್ಬಳ್ಳಿಯಿಂದ ಹೊರಡುವಾಗ ಕಾರಿನ ಡಿಕ್ಕಿಯಲ್ಲಿ ಎರಡು ಸಲಿಕೆ ಇದ್ದವು. ಒಂದು ನಾನು ಆನ್‌ಲೈನಿನಲ್ಲಿ ತರಿಸಿದ್ದು, ಮಡಚುವ ಜಾತಿಯದು. ಹಿಡಿಕೆ ಟೊಳ್ಳು ಕೊಳವೆ. ಅದನ್ನು ಬಿಚ್ಚಿದರೆ ಒಳಗೊಂದು ಸಣ್ಣ ಚಾಕು, ಬೆಂಕಿ ಹೊತ್ತಿಸುವ ಕಡ್ಡಿ, ಸೀಟಿ. ತುದಿಯಲ್ಲಿ ದಿಕ್ಸೂಚಿ. ಅಲಗಿನ ಒಂದು ಅಂಚಿಗೆ ಗರಗಸದ ಹಲ್ಲು, ಇನ್ನೊಂದಕ್ಕೆ ಕೊಡಲಿಯ ಹರಿತ. ಎರಡನೆಯದು ಗೆಳೆಯನಿಂದ ಕೇಳಿ ತಂದದ್ದು. ಒಂದು ಉಕ್ಕಿನ ಅಲಗು, ಒಂದು ಮರದ ಕಾವು, ಅಷ್ಟೇ. ಒಟ್ಟು ಉದ್ದ 50 ಸೆಂಟಿಮೀಟರ್.

ನಮ್ಮ ಮನೆಯಲ್ಲಿ ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಟೆಂಟು ಕಟ್ಟಿಕೊಂಡು ಒಂದು ಸುತ್ತು ಹೋಗುವ ರೂಢಿ ಇದೆ. ಈ ಸಲ ಶಿರಸಿ, ಕುಮಟಾ, ಕಾರವಾರ. ಎರಡೂ ಸಲಿಕೆ ಬಳಸಿ ನೋಡಿ, ಕೊನೆಗೆ ಒಂದನ್ನು ಕಾಯಂ ಆಗಿ ಕಾರಿನಲ್ಲಿ ಇಡಬೇಕು ಅಂತ ಅಂದುಕೊಂಡಿದ್ದೆ. 2024ರ ಜುಲೈ 16ರಂದು ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದ ಮೇಲೆ, ಈ ಕಡೆಯ ರಸ್ತೆಗಳಲ್ಲಿ ಸಲಿಕೆ, ಹಗ್ಗ, ಟಾರ್ಚ್ ಇಲ್ಲದೆ ಓಡಾಡೋಕೆ ನನಗೆ ಮನಸ್ಸು ಬರಲ್ಲ. ಅಂಥ ಕುಸಿತದ ಮುಂದೆ ಕೈಸಲಿಕೆ ಯಾವ ಲೆಕ್ಕಕ್ಕೂ ಇಲ್ಲ, ಗೊತ್ತು. ಆದರೆ ಘಟ್ಟದ ತಿರುವಿನಲ್ಲಿ ಬಿದ್ದ ನಾಲ್ಕು ಬುಟ್ಟಿ ಮಣ್ಣು, ಕೆಸರಿಗೆ ಇಳಿದ ಒಂದು ಚಕ್ರ, ಇಷ್ಟಕ್ಕೇ ಇಡೀ ರಾತ್ರಿ ರಸ್ತೆಯಲ್ಲಿ ಕಳೆದವರನ್ನು ನೋಡಿದ್ದೇನೆ.

ಹೆಂಡತಿಯ ಅಣ್ಣನ ಮನೆ ಶಿರಸಿ ಪೇಟೆಯಿಂದ ಹದಿನೈದು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಅಂಚಿಗೆ. ಸಂಜೆ ಮುಟ್ಟಿದೆ. ಕೈಕಾಲು ತೊಳೆದು ಕೂತ ಕೂಡಲೇ ಬಿಸಿ ಕಷಾಯ ಬಂತು. ಎರಡೂ ಸಲಿಕೆ ಜಗಲಿಯ ಮೇಲಿಟ್ಟೆ. ಭಾವ ಮಡಚುವ ಸಲಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಗೆಯೋಕೆ ಅಡ್ಡಿಲ್ಯಾ ಇದು?"

"ಇನ್ನೂ ಅಗೆದು ನೋಡಿಲ್ಲ ಭಾವ."

"ಹಂಗಾದ್ರೆ ನಾಳೆ ಬೆಳಿಗ್ಗೆ ಆಚಾರಿ ಹತ್ರ ಹೋಪನ. ಕಬ್ಬಿಣದ ವಿಷಯ ಅವನೇ ಹೇಳಲಿ."

ಆಚಾರಿಯ ಕುಲುಮೆಗೆ ತಗಡಿನ ಮಾಡು. ಒಂದು ಕಡೆ ಅಡಿಕೆ ಕೊನೆ ಕೊಯ್ಲಿಗೆ ಮೊದಲು ಹದ ಮಾಡಿಸಲು ಬಂದ ಕತ್ತಿಗಳ ರಾಶಿ. ಅವರು ನಮ್ಮ ಸಲಿಕೆಗಳನ್ನು ಒಂದೊಂದಾಗಿ ಎತ್ತಿ ಬೆರಳಿನಿಂದ ತಟ್ಟಿ ಸದ್ದು ಕೇಳಿದರು. ಆಮೇಲೆ ಅರ ತೆಗೆದು ಅಂಚಿನ ಮೇಲೆ ಒಮ್ಮೆ ಎಳೆದರು. ಹಳೆಯದರ ಮೇಲೆ ಅರ ಜಾರಿತು, ಗಾಜಿನ ಮೇಲೆ ಜಾರಿದ ಹಾಗೆ. ಹೊಸದರ ಮೇಲೆ ಕಚ್ಚಿ ಹಿಡಿಯಿತು, ಬೂದು ಪುಡಿ ಉದುರಿತು. ಅರ ಜಾರಿದರೆ ಉಕ್ಕು ಗಟ್ಟಿಯಾಗಿದೆ, ಹದ ಚೆನ್ನಾಗಿ ಕೂತಿದೆ ಅಂತ ಅರ್ಥ. ಕಚ್ಚಿದರೆ ಮೆತ್ತಗಿದೆ. ಕಲ್ಲಿಗೆ ಬಡಿದರೆ ಅಂಚು ಮಡಚಿಕೊಳ್ಳುತ್ತದೆ. ಹೊಳಪು ಚೆನ್ನಾಗಿದೆ, ತುಕ್ಕು ಹಿಡಿಯಲ್ಲ ಅಂತ ಸ್ಟೇನ್‌ಲೆಸ್ ಸ್ಟೀಲನ್ನು ಮೆಚ್ಚುವವರು ಬಹಳ ಜನ. ಆದರೆ ಅಗೆಯುವ ಅಲಗಿಗೆ ಹದ ಕೊಟ್ಟ ಕಾರ್ಬನ್ ಉಕ್ಕೇ ಸರಿ. ಅದಕ್ಕೆ ತುಕ್ಕು ಹಿಡಿಯುತ್ತೆ, ನಿಜ. ಎಣ್ಣೆ ಒರೆಸಿ ಇಟ್ಟುಕೊಂಡರೆ ಆಯ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಮಡಚುವ ಸಲಿಕೆಯನ್ನು ಬಿಚ್ಚಿ, ಬಿಗಿ ಮಾಡಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಟಿಕ್ ಟಿಕ್ ಅಂತ ಸಣ್ಣ ಸದ್ದು.

"ಹೆಗಡೇರೇ, ಇದ್ರಲ್ಲಿ ನಾಕು ಕೂಡು ಉಂಟು. ಹೊಸದ್ರಲ್ಲೇ ಆಡ್ತದೆ. ಮಣ್ಣು ಹೊಕ್ಕಿದ ಮೇಲೆ ಎಂತಾ ಮಾಡ್ತೀರಿ?"

ಗೆಳೆಯನ ಸಲಿಕೆಯನ್ನು ಮಾತ್ರ ಅವರು ಬೇಗ ಕೆಳಗಿಡಲಿಲ್ಲ. ಅದು ಹಳೆಯ ಸೈನಿಕ ಸಲಿಕೆಯ ಅಳತೆಯದು. 1869ರಲ್ಲಿ ಡೆನ್ಮಾರ್ಕಿನ ಸೇನಾಧಿಕಾರಿ ಲಿನ್ನೆಮನ್ ಎಂಬವರು ಸಿಪಾಯಿಯ ಸೊಂಟಕ್ಕೆ ಕಟ್ಟಿಕೊಳ್ಳುವಂಥ ಗಿಡ್ಡ ಸಲಿಕೆ ಮಾಡಿದ್ದರು. ರಷ್ಯದ ಸೇನೆ ಅದನ್ನು ತೆಗೆದುಕೊಂಡು ಬೆಳೆಸಿತು. ಮಲಗಿದ ಜಾಗದಿಂದಲೇ ಮಣ್ಣು ಎತ್ತಿ ಮರೆ ಮಾಡಿಕೊಳ್ಳುವುದು ಅದರ ಕೆಲಸ. ಅಮೆರಿಕದವರ ದಾರಿ ಬೇರೆ. 1967ರ ಹೊತ್ತಿಗೆ ಅವರದು ಮೂರು ಮಡಿಕೆಯ ಸಲಿಕೆಯಾಯಿತು. ಬೆನ್ನಿನ ಚೀಲದಲ್ಲಿ ಜಾಗ ಉಳಿಯಲಿ ಅಂತ. ಇವತ್ತು ಅಂಗಡಿಯಲ್ಲಿ ಸಿಗುವ ಕ್ಯಾಂಪ್ ಸಲಿಕೆಗಳೆಲ್ಲ ಹೆಚ್ಚುಕಮ್ಮಿ ಈ ಎರಡು ವಂಶದವೇ.

ಮಧ್ಯಾಹ್ನ ಊಟ ಮುಗಿಸಿ, ಟೆಂಟು ಸಾಮಾನು ಹೇರಿಕೊಂಡು ಭಾವನ ಬೆಟ್ಟಕ್ಕೆ ಹೊರಟೆವು. ಕಾಡಿನಲ್ಲಿ ಎಲ್ಲೆಂದರಲ್ಲಿ ಟೆಂಟು ಹಾಕುವ ಹಾಗಿಲ್ಲ, ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಭಾವ ಸೊಪ್ಪು ತರುವ ಬೆಟ್ಟದ ಕೆಳಗೆ ಅವರದೇ ಸ್ವಂತ ಜಾಗ ಸ್ವಲ್ಪ ಇದೆ, ಅಲ್ಲಿಗೆ. ಹಿಂದಿನ ವಾರ ಅಕಾಲದ ಮಳೆ ಬಂದಿತ್ತು. ತೋಟದ ಹಳ್ಳ ದಾಟುವಾಗ ಕಾರಿನ ಎಡ ಮುಂದಿನ ಚಕ್ರ ಕೆಸರಿಗೆ ಇಳಿಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಒಳಗೆ.

ಆ ಮಣ್ಣಿಗೆ ಇಲ್ಲಿ ಶೇಡಿ ಅನ್ನುತ್ತಾರೆ. ಮೇಲೆ ಗಟ್ಟಿ ಕಲ್ಲು, ಅದರ ಕೆಳಗೆ ಬಿಳಿ, ತಿಳಿಗೆಂಪು ಬಣ್ಣದ ಜೇಡಿಯಂಥ ನುಣುಪು ಮಣ್ಣು. ನೀರು ಕುಡಿದರೆ ಬೆಣ್ಣೆಯ ಹಾಗೆ ಜಾರುತ್ತದೆ. ಕರಾವಳಿಯ ಗುಡ್ಡಗಳನ್ನು ಬುಡದಲ್ಲಿ ಕಡಿದಾಗ ಮಳೆಗೆ ಜಾರುವುದಕ್ಕೆ ಇದೂ ಒಂದು ಕಾರಣ.

ಮೊದಲು ಮಡಚುವ ಸಲಿಕೆ ತೆಗೆದೆ. ಅಲಗನ್ನು ತೊಂಬತ್ತು ಡಿಗ್ರಿಗೆ ಬಗ್ಗಿಸಿ ಬಿಗಿ ಮಾಡಿದರೆ ಅದು ಗುದ್ದಲಿಯ ಹಾಗೆ ಆಗುತ್ತದೆ. ಇದನ್ನು ಮನಸಾರೆ ಮೆಚ್ಚಿದೆ. ನಮ್ಮ ಕಡೆ ಸಲಿಕೆಯನ್ನು ಕಾಲಿನಿಂದ ಒತ್ತಿ ಅಗೆಯುವ ರೂಢಿ ಇಲ್ಲ, ಅಲ್ವಾ? ಅಗೆಯೋದು ಗುದ್ದಲಿ, ಎತ್ತೋದು ಸಲಿಕೆ. ಚಕ್ರದ ಮುಂದಿನ ಮಣ್ಣನ್ನು ನನ್ನ ಕಡೆಗೆ ಎಳೆದುಕೊಳ್ಳೋದು ಸಲೀಸಾಗಿತ್ತು. ಹತ್ತು ಹದಿನೈದು ಏಟು ಚೆನ್ನಾಗಿಯೇ ಬಿದ್ದವು. ಆಮೇಲೆ ಬಿಗಿ ಮಾಡುವ ಬಳೆಯ ತಿರುಪಿನ ಗೆರೆಗಳೊಳಗೆ ಶೇಡಿ ಹೊಕ್ಕಿತು. ಬಳೆ ಅರ್ಧ ಸುತ್ತು ಸಡಿಲಾದದ್ದು ನನಗೆ ಗೊತ್ತಾಗಲಿಲ್ಲ. ಮುಂದಿನ ಏಟಿಗೆ ಅಲಗು ಒಳಕ್ಕೆ ಮಡಚಿಕೊಂಡು ಬಂತು. ಬಲಗೈಯ ಎರಡು ಗೆಣ್ಣಿನ ಚರ್ಮ ಕಿತ್ತು ಹೋಯಿತು. ಇನ್ನೊಂದು ಇಂಚು ಈಚೆ ಬಂದಿದ್ದರೆ ಬೆರಳೇ ಅಲಗಿಗೂ ಹಿಡಿಕೆಗೂ ನಡುವೆ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಭಾವನ ಮಗ ಓಡಿ ಹೋಗಿ ಮನೆಯಿಂದ ಅರಿಶಿನ ತಂದ. ನಾನು ಬಟ್ಟೆ ಸುತ್ತಿಕೊಂಡು ಕೂತೆ. ಉಳಿದ ಕೆಲಸ ಅವನದೇ. ಮಾಣಿ ಗಿಡ್ಡ ಸಲಿಕೆ ಹಿಡಿದು ಹೊಟ್ಟೆಯ ಮೇಲೆ ಮಲಗಿ, ಕಾರಿನ ಅಡಿಗೆ ಕೈ ಚಾಚಿ ಮಣ್ಣು ಕಡಿದ. ಉದ್ದ ಕಾವಿನ ಸಲಿಕೆಯಾಗಿದ್ದರೆ ಅಲ್ಲಿ ಆಡಿಸೋಕೆ ಜಾಗವೇ ಇರಲಿಲ್ಲ. ಭಾವ ಬಿದ್ದ ಅಡಿಕೆ ಹಾಳೆಯಿಂದ ಕೆಸರು ನೀರು ಗೋರಿ ಹಾಕಿದರು. ಚಕ್ರದ ಮುಂದೆ ಇಳಿಜಾರು ಮಾಡಿ, ಒಣ ಸೋಗೆ ಹಾಸಿ, ಎರಡನೇ ಗೇರಿನಲ್ಲಿ ಮೆಲ್ಲಗೆ ಬಿಟ್ಟ ಕೂಡಲೇ ಕಾರು ಮೇಲೆ ಬಂತು.

ಟೆಂಟು ಹಾಕಿದ ಜಾಗದ ಮಣ್ಣೇ ಬೇರೆ. ಅದು ಚಿರೆಕಲ್ಲಿನ ಜಾಗ. ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿದು ಮನೆ ಕಟ್ಟುತ್ತಾರೆ. ನೆಲದೊಳಗೆ ಮೆತ್ತಗಿರುತ್ತದೆ, ಗಾಳಿಗೆ ಬಿದ್ದರೆ ಗಟ್ಟಿಯಾಗುತ್ತದೆ. 1801ರಲ್ಲಿ ಕೆನರಾ ಸೀಮೆಯಲ್ಲೆಲ್ಲ ಓಡಾಡಿದ ಫ್ರಾನ್ಸಿಸ್ ಬುಕಾನನ್ ಮುಂದೆ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಈ ಗುಣ ನೋಡಿಯೇ. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಮೇಲ್ಪದರ ಬಿಸಿಲಿಗೆ ಬೆಂದು ಕಲ್ಲೇ ಆಗಿರುತ್ತದೆ. ಅಲ್ಲಿ ಯಾವ ಕ್ಯಾಂಪ್ ಸಲಿಕೆಯೂ ಸಲೀಸಾಗಿ ಇಳಿಯಲ್ಲ. ಗಿಡ್ಡ ಸಲಿಕೆಯ ಮೂಲೆಯನ್ನು ಕೆಳಗೆ ಮಾಡಿ, ಹಾರೆಕೋಲಿನ ಹಾಗೆ ಕುಟ್ಟಿ ಕುಟ್ಟಿ ಪದರ ಒಡೆದೆವು. ಒಂದು ಗೇಣು ಇಳಿಯೋಕೆ ಇಪ್ಪತ್ತು ನಿಮಿಷ ಬೇಕಾಯಿತು. ಅಂಚು ನೋಡಿದರೆ ಒಂದು ಸಣ್ಣ ಮುಕ್ಕು ಕೂಡ ಇಲ್ಲ.

ಆ ಗುಂಡಿ ಯಾಕೆ ಅಂದರೆ, ಬೆಳಗಿನ ಶೌಚಕ್ಕೆ. ಇದನ್ನು ಬರೆಯೋಕೆ ಸಂಕೋಚ ಬೇಡ. ಟೆಂಟು ಕಟ್ಟುವವರ ಕೈಯಲ್ಲಿ ಸಲಿಕೆ ಮಾಡಬೇಕಾದ ಮೊದಲ ಕೆಲಸವೇ ಇದು. ಆರರಿಂದ ಎಂಟು ಇಂಚು ಆಳ, ನಾಲ್ಕರಿಂದ ಆರು ಇಂಚು ಅಗಲ, ನೀರಿನಿಂದ ಕನಿಷ್ಠ 200 ಅಡಿ ದೂರ. ಸುಮಾರು ಎಪ್ಪತ್ತು ಹೆಜ್ಜೆ. ಬೆಟ್ಟದ ಕೆಳಗಿನ ಹಳ್ಳದ ನೀರನ್ನೇ ತೋಟಕ್ಕೂ ಮನೆಗೂ ತರುತ್ತಾರೆ. ಹೀಗಾಗಿ ಇದರಲ್ಲಿ ಅಸಡ್ಡೆ ಮಾಡೋದು ಪಾಪವೇ ಸರಿ. ಟೆಂಟಿನ ಸುತ್ತ ಕಾಲುವೆ ತೋಡುವ ಹಳೇ ಪದ್ಧತಿಯನ್ನು ಮಾತ್ರ ಬಿಟ್ಟುಬಿಡಿ. ಎತ್ತರದ ಜಾಗ ಆರಿಸಿಕೊಂಡರೆ ಅದು ಬೇಕಾಗಲ್ಲ. ಕಾಲುವೆ ತೋಡಿದ ಕಡೆ ಮುಂದಿನ ಮಳೆಗೆ ಮಣ್ಣು ಕೊಚ್ಚಿ ಹೋಗುತ್ತದೆ.

ಗರಗಸದ ಹಲ್ಲಿನ ಪರೀಕ್ಷೆಯೂ ಆಯಿತು. ಮಣಿಕಟ್ಟಿನಷ್ಟು ದಪ್ಪದ ಒಣ ಕೊಂಬೆ. ಹಲ್ಲುಗಳ ನಡುವೆ ಹೊಟ್ಟು ತುಂಬಿಕೊಂಡು ಅರ್ಧಕ್ಕೇ ನಿಂತಿತು. ಭಾವ ಸೊಂಟದ ಕತ್ತಿ ತೆಗೆದು ನಾಲ್ಕು ಏಟಿಗೆ ಕಡಿದು ಇಟ್ಟರು.

ಮರುದಿನ ದೇವಿಮನೆ ಘಟ್ಟ ಇಳಿದೆವು, ದಾರಿಯಲ್ಲಿ ಯಾಣಕ್ಕೆ ಹೋಗಿ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಕಪ್ಪು ಸುಣ್ಣಕಲ್ಲಿನ ಬಂಡೆಗಳು. ಎಷ್ಟು ಸಲ ನೋಡಿದರೂ ಕುತ್ತಿಗೆ ನೋಯುವ ತನಕ ಮೇಲೆ ನೋಡುತ್ತಾ ನಿಲ್ಲುತ್ತೇನೆ. ಕುಮಟಾದಲ್ಲಿ ಊಟ. ಶಿರೂರಿನ ಹತ್ತಿರ ಕಾರು ನಿಧಾನ ಮಾಡಿದೆ. ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಗಂಗಾವಳಿ. ಯಾರೂ ಮಾತಾಡಲಿಲ್ಲ. ಭಾವ ಕೈ ಮುಗಿದರು.

ಕಾರವಾರ ದಾಟಿ ಕಾಳಿ ಸೇತುವೆಯ ಮೇಲೆ ಹೋಗುವಾಗ ಪಕ್ಕದಲ್ಲಿದ್ದ ಹಳೇ ಸೇತುವೆಯ ನೆನಪಾಯಿತು. ಅದು ಬಿದ್ದದ್ದೂ ಅದೇ 2024ರಲ್ಲಿ, ಆಗಸ್ಟ್ 7ರ ನಡುರಾತ್ರಿ. ಮಾಜಾಳಿಯಲ್ಲಿ ನನ್ನ ಕಾಲೇಜಿನ ಗೆಳೆಯನ ಮನೆ, ಸಮುದ್ರಕ್ಕೆ ತಾಗಿದ ತೆಂಗಿನ ತೋಟ. ಅವನ ತಾಯಿ ನಮಗೆ ಬಂಗಡೆ ಹುರಿದರು. ಭಾವನಿಗಾಗಿ ಬೇರೆ ಪಾತ್ರೆಯಲ್ಲಿ ದಾಳಿತೊವೆ ಮಾಡಿಟ್ಟಿದ್ದರು.

ಮರಳಿನಲ್ಲಿ ಟೆಂಟಿನ ಗೂಟ ನಿಲ್ಲಲ್ಲ. ಸಂಜೆ ಗಾಳಿಗೆ ಎರಡು ಸಲ ಕಿತ್ತು ಬಂತು. ಆಗ ಗೆಳೆಯ ಒಂದು ಉಪಾಯ ತೋರಿಸಿದ. ಸಣ್ಣ ಚೀಲಕ್ಕೆ ಮರಳು ತುಂಬಿ, ಟೆಂಟಿನ ಹಗ್ಗ ಅದಕ್ಕೆ ಕಟ್ಟಿ, ಒಂದೂವರೆ ಅಡಿ ಆಳದಲ್ಲಿ ಹೂತು ಮೇಲೆ ತುಳಿಯಬೇಕು. ನಾಲ್ಕು ಮೂಲೆಗೆ ನಾಲ್ಕು ಗುಂಡಿ. ಅಲಗು ತಗ್ಗು ತಟ್ಟೆಯ ಹಾಗೆ ಸ್ವಲ್ಪ ಬಾಗಿದ್ದರೆ ಮರಳು ನಿಲ್ಲುತ್ತದೆ, ಚಪ್ಪಟೆಯಾಗಿದ್ದರೆ ಅರ್ಧ ಜಾರಿ ಹೋಗುತ್ತದೆ. ಮಡಚುವ ಸಲಿಕೆ ಇಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಮೆತ್ತನೆ ಮರಳು, ಅದಕ್ಕೆ ಯಾವ ಪೆಟ್ಟೂ ಇಲ್ಲ. ರಾತ್ರಿಯಿಡೀ ಗಾಳಿ ಬೀಸಿತು, ಟೆಂಟು ಅಲ್ಲಾಡಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಅದರ ಬಳೆ ತಿರುಗುತ್ತಿಲ್ಲ. ತಿರುಪಿನ ಗೆರೆಗಳಲ್ಲಿ ಮರಳು, ಅದರ ಮೇಲೆ ಉಪ್ಪು ಗಾಳಿ. ಗರಗಸದ ಹಲ್ಲುಗಳ ಬುಡದಲ್ಲಿ, ಕಪ್ಪು ಬಣ್ಣ ಎದ್ದ ಕಡೆಯೆಲ್ಲ, ಒಂದೇ ರಾತ್ರಿಗೆ ಕಿತ್ತಳೆ ಬಣ್ಣದ ತುಕ್ಕು. ಗಿಡ್ಡ ಸಲಿಕೆಗೂ ತುಕ್ಕು ಹತ್ತಿತ್ತು. ಬಾವಿಯ ಸಿಹಿನೀರಿನಲ್ಲಿ ತೊಳೆದು, ತೆಂಗಿನ ನಾರಿನಿಂದ ತಿಕ್ಕಿ, ಒರೆಸಿ, ಕೊಬ್ಬರಿ ಎಣ್ಣೆ ಸವರಿದೆ. ಎರಡು ನಿಮಿಷದ ಕೆಲಸ. ಮಡಚುವುದರ ಕೂಡುಗಳನ್ನು ಒಂದೊಂದಾಗಿ ಬಿಚ್ಚಿ ತೊಳೆಯೋಕೆ ಮುಕ್ಕಾಲು ಗಂಟೆ ಹಿಡಿಯಿತು, ಅದೂ ಇಕ್ಕಳ ಹಿಡಿದು.

ಅಲ್ಲೇ ಬಾವಿಕಟ್ಟೆಯ ಮೇಲೆ ತೀರ್ಮಾನವಾಯಿತು. ಬೆನ್ನಿನ ಚೀಲ ಹೊತ್ತು ಹತ್ತು ಹದಿನೈದು ಕಿಲೋಮೀಟರ್ ನಡೆಯುವವರಿಗೆ, ಮೆತ್ತನೆ ಮಣ್ಣಿನ ಕಡೆ, ಮಡಚುವುದು ಆದೀತು. ಶೇಡಿ, ಚಿರೆಕಲ್ಲು, ಉಪ್ಪು ಗಾಳಿ ಮೂರೂ ಇರುವ ಈ ಜಿಲ್ಲೆಗೆ ಕೂಡಿಲ್ಲದ ಸಲಿಕೆಯೇ ಬೇಕು. ಚಾಕು, ಸೀಟಿ, ದಿಕ್ಸೂಚಿ ಜೇಬಿನಲ್ಲಿ ಬೇರೆಬೇರೆಯಾಗಿ ಇರಲಿ. ಒಂದು ಕಳೆದರೆ ಒಂದು ಉಳಿಯುತ್ತದೆ. ತೊಂಬತ್ತು ಡಿಗ್ರಿಗೆ ಬಗ್ಗುವ ಆ ಅನುಕೂಲ ಒಂದು ಮಾತ್ರ ಬಿಡೋಕೆ ಮನಸ್ಸಾಗಲಿಲ್ಲ.

ಹುಬ್ಬಳ್ಳಿಗೆ ಬಂದು ಗೆಳೆಯನ ಸಲಿಕೆ ವಾಪಸ್ ಕೊಟ್ಟೆ. ನನ್ನದನ್ನು ಆಚಾರಿಯ ಹತ್ತಿರವೇ ಮಾಡಿಸೋಣ ಅಂತ ಭಾವನಿಗೆ ಹೇಳಿದ್ದೆ. ವಾರದ ಮೇಲೆ ಫೋನ್ ಬಂತು. ಸಾಮಿಲ್ಲಿನ ಚಕ್ರಗರಗಸದ ಹಳೇ ತಟ್ಟೆ ಸಿಕ್ಕಿದೆ, ಎರಡೂವರೆ ಮಿಲಿಮೀಟರ್ ದಪ್ಪ, ಒಳ್ಳೇ ಉಕ್ಕು. ಕಾವಿಗೆ ತಡಸಲು ಮರ ಒಣಗಿಸಿ ಇಟ್ಟಿದ್ದಾರೆ.

"ಆಚಾರಿ ಎರಡು ಮಾತು ಕೇಳ್ತಿದ್ದಾನೆ" ಅಂದರು ಭಾವ. "ಅಲಗು ಎಷ್ಟು ಅಗಲ ಬೇಕು? ಮತ್ತೆ, ಕುತ್ತಿಗೆ ಹತ್ರ ಸ್ವಲ್ಪ ಒಳಗೆ ಬಗ್ಗಿಸಿ ಕೊಡ್ಲಾ ಅಂತ. ಎಳೆದು ಅಗೆಯೋಕೂ ಆಗ್ತದಡ."

ಗೆಣ್ಣಿನ ಗಾಯ ಅಷ್ಟರಲ್ಲಿ ಒಣಗಿತ್ತು. ಮೇಜಿನ ಮೇಲೆ ಕೈ ಚಾಚಿ ಅಳೆದು ನೋಡಿದೆ.

"ಗೇಣಿಗಿಂತ ಎರಡು ಬೆರಳು ಕಮ್ಮಿ ಇರಲಿ ಭಾವ. ಬಗ್ಗಿಸೋಕೆ ಹೇಳಿ."