ಮದುವೆ ಆಗುತ್ತೆ ಅಂತ ಗೊತ್ತೇ ಇದೆಯಲ್ಲ

"ಅಕ್ಕ, ಎಲಿಜಬೆತ್‌ಗೂ ಡಾರ್ಸಿಗೂ ಮದುವೆ ಆಗುತ್ತೆ ಅಂತ ಗೊತ್ತೇ ಇದೆಯಲ್ಲ. ಮತ್ತೆ ಮತ್ತೆ ಅದನ್ನೇ ಏನು ಓದ್ತೀಯಾ?"

ಮೊನ್ನೆ ಚಿಕ್ಕಮ್ಮನ ಮಗಳು ಕೇಳಿದ್ದು ಇದು. ಜೇನ್ ಆಸ್ಟೆನ್ ಬರೆದ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯ ಇವರಿಬ್ಬರ ಮೇಲೆ ಓದುಗರು ತಾವೇ ಕಟ್ಟಿ ಬರೆಯುವ ಕಥೆಗಳಿವೆಯಲ್ಲ, ಆ ಫ್ಯಾನ್ ಫಿಕ್ಷನ್‌ನಲ್ಲಿ ಯಾವುದು ಚೆನ್ನಾಗಿದೆ ಹೇಳು ಅಂತ ತಾನೇ ಬಂದವಳು. ಯಾವ ಪುಸ್ತಕ ಸಿಕ್ಕರೂ ಕೊನೆಯ ಪುಟ ಮೊದಲು ಓದುವ ಹುಡುಗಿ ಬೇರೆ. ಇವಳು ನನ್ನನ್ನು ಕೇಳುವುದಾ!

ಗೊತ್ತೇ ಇದೆಯಲ್ಲ ಅಂದರೆ, ಏನು ಗೊತ್ತಿದೆ? 'ಪ್ರೈಡ್ ಅಂಡ್ ಪ್ರೆಜುಡಿಸ್' ಬಂದಿದ್ದು 1813ರಲ್ಲಿ. ಅದರಲ್ಲಿ ಮದುವೆಯಾಗ್ತೀಯಾ ಅಂತ ಡಾರ್ಸಿ ಎರಡನೇ ಸಲ ಕೇಳಿದಾಗ ಎಲಿಜಬೆತ್ ಏನಂದಳು ನೋಡಿ. ಅವಳ ಬಾಯಿಂದ ಒಂದು ಮಾತೂ ಇಲ್ಲ. ಮೊದಲ ಸಲ ಬೇಡ ಅಂದಾಗ ಅವಳ ಕೈಲಿ ಅಷ್ಟೊಂದು ಬೈಸಿದ ಜೇನ್ ಆಸ್ಟೆನ್, ಒಪ್ಪಿಕೊಳ್ಳುವ ಹೊತ್ತಿಗೆ ಮಾತ್ರ, ತನ್ನ ಮನಸ್ಸು ಬದಲಾಗಿದೆ ಅಂತ ತಡವರಿಸುತ್ತ ತಿಳಿಸಿದಳು ಅನ್ನುವ ಧಾಟಿಯಲ್ಲಿ ಮುಗಿಸಿಬಿಡುತ್ತಾರೆ. ಇನ್ನೂರು ವರ್ಷದಿಂದ ಓದುಗರನ್ನು ಹೀಗೆ ಬಾಗಿಲ ಹೊರಗೆ ನಿಲ್ಲಿಸಿದರೆ ಅವರು ತಾವೇ ಬರೆದುಕೊಳ್ಳದೆ ಇನ್ನೇನು ಮಾಡುತ್ತಾರೆ?

ಅವಳಿಗೆ ಮೊದಲು ಹೇಳಿದ್ದು, ಪತ್ರ ತಲುಪದ ಕಥೆ. ಹನ್ಸ್‌ಫರ್ಡ್‌ನಲ್ಲಿ ಮೊದಲ ಸಲ ಕೇಳಿ ಬೈಸಿಕೊಂಡ ಮರುದಿನ ಡಾರ್ಸಿ, ಎಲ್ಲ ವಿವರಿಸಿ ಬರೆದ ಪತ್ರ ಹಿಡಿದು ಕಾಯುತ್ತಾನೆ. ಎಲಿಜಬೆತ್ ಆ ದಾರಿಯಲ್ಲಿ ಬರುವುದೇ ಇಲ್ಲ. ಬದಲಾಗಿದ್ದು ಅಷ್ಟೇ. ಆದರೆ ಡಾರ್ಸಿಯ ಮೇಲೆ ಸುಳ್ಳು ಚಾಡಿ ಹೇಳಿದ್ದ ವಿಕಮ್ ಎಂಥವನು ಅಂತ ಅವಳಿಗೆ ಹೇಳುವವರು ಯಾರು? ಆ ಸಿಟ್ಟು ಇಳಿಯುವುದು ಹೇಗೆ? ನಿಧಾನಕ್ಕೆ, ಬರೀ ನಡವಳಿಕೆಯಿಂದ, ಅವನು ಅವಳ ನಂಬಿಕೆ ಗಳಿಸಬೇಕು. ಸ್ಲೋ ಬರ್ನ್ ಅಂದರೆ ಅದು.

ಬಲವಂತದ ಮದುವೆಯ ಕಥೆಗಳು ಜಾಸ್ತಿ ಇವೆ, ಹೆಚ್ಚಿನವು ಕೆಟ್ಟದಾಗಿವೆ. ಎರಡನೇ ಅಧ್ಯಾಯಕ್ಕೇ ಎಲಿಜಬೆತ್ ಕರಗಿಹೋಗಿರುತ್ತಾಳೆ. ಇನ್ನು ಎಲಿಜಬೆತ್ ನಿಜಕ್ಕೂ ದೊಡ್ಡ ಆಸ್ತಿಯ ಒಡತಿ ಅಂತ ಬರೆಯುವವರಿದ್ದಾರಲ್ಲ, ಅವರ ಜೊತೆ ನನಗೆ ಜಗಳವೇ. ವರ್ಷಕ್ಕೆ 10,000 ಪೌಂಡ್ ವರಮಾನದವನನ್ನು ಕೈಯಲ್ಲಿ ಏನೂ ಇಲ್ಲದ ಹುಡುಗಿ ಬೇಡ ಅಂದಿದ್ದಕ್ಕೇ ಅಲ್ವಾ ಆ ಮಾತಿಗೆ ಅಷ್ಟು ತೂಕ? ಡಾರ್ಸಿಯ ಮೇಲೆ ಕಣ್ಣಿಟ್ಟಿದ್ದ ಕ್ಯಾರೊಲಿನ್ ಬಿಂಗ್ಲಿಯನ್ನು ಕೊಲೆಗಾರ್ತಿ ಮಾಡುವವರೂ ಸಾಲುಸಾಲಾಗಿ ಸಿಗುತ್ತಾರೆ. ಪಾಪ, ಅವಳು ಬರೀ ಹೊಟ್ಟೆಕಿಚ್ಚಿನವಳು.

ಎಲಿಜಬೆತ್ ಗೆಳತಿ ಷಾರ್ಲೆಟ್ ತಾನೇ ಹೇಳುವ, ಒಂದೇ ಕಂತಿನಲ್ಲಿ ಮುಗಿಯುವ ಒಂದು ಒನ್‌ಶಾಟ್ ಕೂಡ ಕಳಿಸಿದೆ. ಡಾರ್ಸಿಗೆ ಎಲಿಜಬೆತ್ ಮೇಲೆ ಮನಸ್ಸಿದೆ ಅಂತ ಮೊದಲು ಅನುಮಾನಪಟ್ಟವಳು ಅವಳು, ಆದರೂ ಎಲಿಜಬೆತ್ ಬೇಡ ಅಂದಿದ್ದ ಪಾದ್ರಿ ಕಾಲಿನ್ಸ್‌ನನ್ನು ಕಟ್ಟಿಕೊಂಡಳು ಅನ್ನುವ ಒಂದೇ ಕಾರಣಕ್ಕೆ ಕಥೆ ಬರೆಯುವವರು ಯಾರೂ ಅವಳನ್ನು ಮಾತಾಡಿಸುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಆ 'ಗೊತ್ತೇ ಇದೆಯಲ್ಲ' ತಲೆಯಿಂದ ಹೋಗಲಿಲ್ಲ. ನಮ್ಮ ಸುತ್ತಮುತ್ತಲಿನ ಗಂಡ ಹೆಂಡಿರನ್ನೇ ತೆಗೆದುಕೊಳ್ಳಿ. ಮದುವೆ ಆಗಿದೆ ಅನ್ನುವುದು ಎಲ್ಲರಿಗೂ ಗೊತ್ತು. ಯಾವ ಗಳಿಗೆಯಲ್ಲಿ, ಯಾವ ಮಾತಿಗೆ ಇಷ್ಟವಾಯಿತು ಅನ್ನುವುದು ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಎಲಿಜಬೆತ್ ಕೇಳಿದಾಗ ಡಾರ್ಸಿಯೂ ಅದನ್ನೇ ಹೇಳುತ್ತಾನೆ, ಶುರುವಾಗಿದ್ದು ತಿಳಿಯುವ ಮೊದಲೇ ನಡುದಾರಿಯಲ್ಲಿದ್ದೆ ಅಂತ. ಕಥೆಯವನಿಗೇ ಗೊತ್ತಿಲ್ಲದ್ದು ಇವಳಿಗೆ ಗೊತ್ತಂತೆ!

ಓದುವುದಿದ್ದರೆ ಬೇಗ ಓದು, ಇಲ್ಲ ಡೌನ್‌ಲೋಡ್ ಮಾಡಿಟ್ಟುಕೋ ಅಂತಲೂ ಹೇಳಿದೆ. ಆಸ್ಟೆನ್ ಕಾದಂಬರಿಗಳಿಗೆ ಈಗ ಕಾಪಿರೈಟ್ ಇಲ್ಲ, ಹಾಗಾಗಿ ಒಳ್ಳೆ ಕಥೆ ಬರೆದವರು ಅದನ್ನು ಇ-ಬುಕ್ ಮಾಡಿ ಮಾರಬಹುದು, ಆಮೇಲೆ ಸೈಟ್‌ನಿಂದ ತೆಗೆದುಬಿಡುತ್ತಾರೆ. ತಪ್ಪೇನಲ್ಲ, ಆದರೆ ಲಿಂಕ್ ಸತ್ತಾಗ ಹೊಟ್ಟೆ ಉರಿಯುತ್ತದೆ.

ಕೊನೆಗೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನು ಕಳಿಸಿದೆ. ಡಾರ್ಸಿಯ ಬಂಗಲೆ ಪೆಂಬರ್ಲಿಯಲ್ಲಿ ಎಲಿಜಬೆತ್ ಜ್ವರದಿಂದ ಮಲಗಿದ್ದಾಳೆ, ಡಾರ್ಸಿ ಬಾಗಿಲವರೆಗೆ ಬಂದು ಹೋಗುತ್ತಿದ್ದಾನೆ, ಒಳಗೆ ಕಾಲಿಡುವ ಹಾಗಿಲ್ಲ. ಅದನ್ನು ಬರೆದವರು ಅಲ್ಲಿಗೇ ಬಿಟ್ಟು ವರ್ಷಗಳಾಗಿವೆ, ಮುಂದಿನ ಅಧ್ಯಾಯ ಬಂದಿಲ್ಲ. ಅದನ್ನು ಮಾತ್ರ ಅವಳಿಗೆ ಹೇಳಿಲ್ಲ. ಕೊನೆಯ ಪುಟ ಹುಡುಕಲಿ.