ಹಾಡು ಪುಕ್ಕಟೆ, ಹಾಡುವವರು ದುಬಾರಿ

ಎಲಿಜಬೆತ್ ಬಿಲ್ಲಿಂಗ್ಟನ್ ಅಂತ ಒಬ್ಬ ಒಪೆರಾ ಗಾಯಕಿ ಇದ್ದರು. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಒಂದೇ ಸೀಸನ್‌ಗೆ 10,000 ಪೌಂಡ್ ಗಳಿಸಿದರಂತೆ. ಮುಂದೆ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಇವರ ಮಾತೆತ್ತಿ, ಇನ್ನು ಯಾವ ಗಾಯಕರೂ ಇದನ್ನು ಮೀರಿಸುವುದು ಕಷ್ಟ ಎಂದರು. ಒಬ್ಬರ ದನಿ ಎಷ್ಟು ಜನಕ್ಕೆ ಕೇಳಿಸುತ್ತದೋ ಅಷ್ಟು ಜನ ತಾನೇ ದುಡ್ಡು ಕೊಡೋದು?

ಈ ಮಾತು ನನಗೆ ತುಂಬಾ ಇಷ್ಟ. ಮಾರ್ಷಲ್ ಹಿಡಿದ ಎಳೆ ಸರಿಯಾಗಿಯೇ ಇತ್ತು. ಆಮೇಲೆ ರೆಕಾರ್ಡಿಂಗ್ ಬಂದು ದನಿ ಗೋಡೆ ದಾಟಿತು.

1981ರಲ್ಲಿ ಶೆರ್ವಿನ್ ರೋಸೆನ್ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಅದೇ ಎಳೆಯನ್ನು ಮುಂದಕ್ಕೆ ಎಳೆದರು. ಒಂದೇ ರೆಕಾರ್ಡಿಂಗ್ ಕೋಟಿ ಜನಕ್ಕೆ ಮುಟ್ಟುವುದಾದರೆ ಎರಡನೇ ಸ್ಥಾನದವರ ಹಾಡು ಯಾರಿಗೆ ಬೇಕು? ಪ್ರತಿಭೆಯಲ್ಲಿ ಕೂದಲೆಳೆ ವ್ಯತ್ಯಾಸ, ಗಳಿಕೆಯಲ್ಲಿ ಅಜಗಜಾಂತರ.

ಹಾಗಾದರೆ ಮೇಲೇರಿದವರೆಲ್ಲ ನಿಜವಾಗಿಯೂ ಉಳಿದವರಿಗಿಂತ ಮೇಲಾ? ಸಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು ಸಂಶೋಧಕರು ಇದನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಯಾರೂ ಹೆಸರು ಕೇಳಿರದ ಬ್ಯಾಂಡುಗಳ 48 ಹಾಡು, ಕೇಳಲು 14,000ಕ್ಕೂ ಹೆಚ್ಚು ಜನ. ಕೆಲವರಿಗೆ ಬರೀ ಹಾಡು. ಉಳಿದವರಲ್ಲಿ ಎಂಟು ಗುಂಪು. ಒಂದೊಂದು ಗುಂಪಿಗೂ ತನ್ನವರು ಯಾವ ಹಾಡನ್ನು ಎಷ್ಟು ಸಲ ಡೌನ್‌ಲೋಡ್ ಮಾಡಿದ್ದಾರೆ ಅನ್ನುವುದು ಮಾತ್ರ ಕಾಣುತ್ತಿತ್ತು. ಹಾಡುಗಳು ಅವೇ, ಆದರೆ ಗುಂಪು ಬದಲಾದರೆ ಹಿಟ್ ಕೂಡ ಬದಲು! ತೀರಾ ಒಳ್ಳೆಯದು ಪೂರ್ತಿ ಸೋತಿದ್ದು ಅಪರೂಪ, ತೀರಾ ಕೆಟ್ಟದ್ದು ಗೆದ್ದಿದ್ದೂ ಅಪರೂಪ. ನಡುವಿನವುಗಳಿಗೆ ಏನು ಬೇಕಾದರೂ ಆಗಬಹುದಿತ್ತು. ಇದನ್ನು ಓದಿದ ಮೇಲೆ ನಾನು ಹೊಸ ಹಾಡು ಕೇಳುವಾಗ ಎಷ್ಟು ವ್ಯೂಸ್ ಬಂದಿದೆ ಅಂತ ಕಾಣದ ಹಾಗೆ ಹೆಬ್ಬೆರಳು ಅಡ್ಡ ಇಟ್ಟುಕೊಳ್ಳುತ್ತೇನೆ.

ದುಡ್ಡಿನ ದಾರಿಯೂ ತಿರುಗಿತು. 1997ರಲ್ಲಿ ಬ್ರಿಟಿಷ್ ಗಾಯಕ ಡೇವಿಡ್ ಬೋವಿ ತಮ್ಮ ಹಳೆಯ ಆಲ್ಬಂಗಳಿಂದ ಮುಂದೆ ಬರಬೇಕಿದ್ದ ರಾಯಲ್ಟಿಯನ್ನು ಆಧಾರವಾಗಿಟ್ಟು ಬಾಂಡ್ (ಸಾಲಪತ್ರ) ಹೊರಡಿಸಿ 5.5 ಕೋಟಿ ಡಾಲರ್ ಪಡೆದರು. ಎರಡು ವರ್ಷಕ್ಕೆ ಇಂಟರ್ನೆಟ್‌ನಲ್ಲಿ ಹಾಡುಗಳನ್ನು ಪರಸ್ಪರ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು, ಹಾಡು ಪುಕ್ಕಟೆ ಸಿಗತೊಡಗಿತು. 2002ರಲ್ಲಿ ಬೋವಿ ಹೇಳಿದ್ದು ಇದು: ಸಂಗೀತ ಇನ್ನು ನಲ್ಲಿ ನೀರಿನ ಹಾಗೆ, ಕರೆಂಟಿನ ಹಾಗೆ ಆಗಲಿದೆ, ಊರೂರು ತಿರುಗಿ ಹಾಡಲು ತಯಾರಾಗಿ. ಮೊದಲು ಆಲ್ಬಂ ಮಾರಲು ಕಾರ್ಯಕ್ರಮ ಕೊಡುತ್ತಿದ್ದರು. ಈಗ ಕಾರ್ಯಕ್ರಮದ ಟಿಕೆಟ್ ಮಾರಲು ಆಲ್ಬಂ. ದನಿಗೆ ನಕಲು ಉಂಟು, ಗಾಯಕಿ ಮಾತ್ರ ಒಂದು ರಾತ್ರಿ ಒಂದೇ ಕಡೆ ಇರಲು ಸಾಧ್ಯ.

ಆ ಒಂದು ಕಡೆಗಾಗಿ ದೇಶಗಳೇ ಪೈಪೋಟಿಗೆ ಇಳಿದವು. 2024ರ ಮಾರ್ಚಿನಲ್ಲಿ ಟೇಲರ್ ಸ್ವಿಫ್ಟ್ ಸಿಂಗಪುರದಲ್ಲಿ ಆರು ರಾತ್ರಿ ಹಾಡಿದರು. ಆಗ್ನೇಯ ಏಷ್ಯಾದ ಬೇರೆಲ್ಲೂ ಹಾಡಲಿಲ್ಲ. ಸಿಂಗಪುರ ದುಡ್ಡು ಕೊಟ್ಟು ಈ ಏರ್ಪಾಡು ಮಾಡಿಕೊಂಡಿದೆ ಎಂದು ಥಾಯ್ಲೆಂಡಿನ ಆಗಿನ ಪ್ರಧಾನಿ ಸ್ರೆಟ್ಟಾ ಥವಿಸಿನ್ ಬಹಿರಂಗವಾಗಿಯೇ ಹೇಳಿದರು. ಪ್ರೋತ್ಸಾಹಧನ ಕೊಟ್ಟಿದ್ದು ನಿಜ, ಅದು ಪ್ರವಾಸೋದ್ಯಮ ನಿಧಿಯದ್ದು, ಇದರಲ್ಲಿ ನೆರೆಯವರ ಮೇಲೆ ಹಗೆತನವೇನೂ ಇಲ್ಲ ಎಂದರು ಸಿಂಗಪುರದ ಆಗಿನ ಪ್ರಧಾನಿ ಲೀ ಸಿಯೆನ್ ಲೂಂಗ್. ಮೊತ್ತ ಎಷ್ಟೆಂದು ಅವರ ಸರ್ಕಾರ ಹೇಳಲಿಲ್ಲ.

ಹೋಟೆಲು, ವಿಮಾನದವರಿಗೆ ಲಾಭ ಆಗಿರುತ್ತದೆ, ಒಪ್ಪುತ್ತೇನೆ. ಆದರೂ ನನಗೆ ಇದು ಸರಿ ಕಾಣುವುದಿಲ್ಲ. ಸ್ವಿಫ್ಟ್ ಅವರ ಆ ಸಂಗೀತ ಪ್ರವಾಸದ ಗಳಿಕೆ ಆಗಲೇ 100 ಕೋಟಿ ಡಾಲರ್ ದಾಟಿತ್ತು. ತುತ್ತತುದಿಯಲ್ಲಿ ಇರುವವರಿಗೇ ಸರ್ಕಾರವೂ ದುಡ್ಡು ಸುರಿದರೆ, ಆ 48ರ ಪಟ್ಟಿಯ ನಡುವೆ ಸಿಕ್ಕಿಕೊಂಡವರಿಗೆ ವೇದಿಕೆ ಕೊಡುವವರು ಯಾರು?