‘ಎಸ್‌ಎನ್‌ಎಂಪಿ ಇದೆ’ ಅಂದರೆ ಸಾಕಾ?

ಮಂಗಳೂರಿನಲ್ಲಿ ಒಂದು ಇಂಟರ್ನೆಟ್ ಕಂಪನಿಯ ಮಾನಿಟರಿಂಗ್ ರೂಮಿನಲ್ಲಿ ನನ್ನ ಕೆಲಸ. ಕಾರ್ಕಳ, ಕುಂದಾಪುರ, ಬೆಳ್ತಂಗಡಿ ಕಡೆಯ ಸ್ವಿಚ್, ರೇಡಿಯೊ, ಬ್ಯಾಟರಿ ಎಲ್ಲವನ್ನೂ ಇಲ್ಲಿಂದಲೇ ನೋಡುತ್ತೇವೆ. ಉಪಕರಣ ಮಾರಲು ಬಂದವರೆಲ್ಲ ‘ಎಸ್‌ಎನ್‌ಎಂಪಿ ಸಪೋರ್ಟ್ ಇದೆ ಸಾರ್’ ಅನ್ನುತ್ತಾರೆ. ಎಸ್‌ಎನ್‌ಎಂಪಿ ಅಂದರೆ ದೂರದ ಉಪಕರಣದ ಸ್ಥಿತಿಯನ್ನು ನೆಟ್‌ವರ್ಕ್ ಮೂಲಕ ಕೇಳಿ ತಿಳಿಯುವ ವ್ಯವಸ್ಥೆ. ಇರಲಿ, ಯಾವ ವರ್ಷನ್? ಅಲ್ಲಿಗೆ ಅರ್ಧ ಜನ ಫೋನ್ ತೆಗೆದು ಆಫೀಸಿಗೆ ಕೇಳುತ್ತಾರೆ.

ಈ ಪ್ರಶ್ನೆ ಸುಮ್ನೆ ಅಲ್ಲ. ನಮ್ಮ ಒಂದು ಗಿಗಾಬಿಟ್ (1000 ಎಂಬಿಪಿಎಸ್) ಲಿಂಕಿನಲ್ಲಿ ಸಂಜೆಯಾದರೆ ‘ನೆಟ್ ಸ್ಲೋ’ ಎಂದು ಗಿರಾಕಿಗಳ ಫೋನ್. ಗ್ರಾಫ್ ನೋಡಿದರೆ 115 ಎಂಬಿಪಿಎಸ್ ದಾಟುವುದೇ ಇಲ್ಲ! ಆ ಲಿಂಕಿನ ಪೆಟ್ಟಿಗೆಗೆ ಗೊತ್ತಿದ್ದದ್ದು ವರ್ಷನ್ 1 ಮಾತ್ರ. ಅದರಲ್ಲಿ ಹಾದುಹೋದ ಡೇಟಾ ಎಣಿಸುವ ಕೌಂಟರ್ 32 ಬಿಟ್. ಸುಮಾರು 430 ಕೋಟಿ ಬೈಟ್ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ, ಹಳೇ ಸ್ಕೂಟರಿನ ಮೀಟರ್ ತಿರುಗಿದ ಹಾಗೆ. ಲಿಂಕ್ ಪೂರ್ತಿ ತುಂಬಿದ್ದರೆ ಇದಕ್ಕೆ ಬೇಕಾಗುವುದು ಬರೀ 34 ಸೆಕೆಂಡ್. ನಾವು ಓದುತ್ತಿದ್ದದ್ದು 5 ನಿಮಿಷಕ್ಕೊಮ್ಮೆ. ನಡುವೆ ಎಷ್ಟು ಸುತ್ತು ಹೊಡೆದಿದೆ ಎಂದು ಸಾಫ್ಟ್‌ವೇರಿಗೆ ಹೇಗೆ ಗೊತ್ತಾಗಬೇಕು? ವರ್ಷನ್ 2ಸಿಯಲ್ಲಿ 64 ಬಿಟ್ ಕೌಂಟರ್ ಇದೆ. ಆದರೆ 2ಸಿ ಎಂದು ಬರೆದುಕೊಂಡೂ ಆ ಕೌಂಟರುಗಳ ಪಟ್ಟಿಯನ್ನು ಖಾಲಿ ಬಿಟ್ಟಿರುವ ಅಗ್ಗದ ಪೆಟ್ಟಿಗೆಗಳೂ ಇವೆ, ಹುಷಾರು.

ಮಳೆಗಾಲದಲ್ಲಿ ಇನ್ನೊಂದು ತಲೆನೋವು. ಲಿಂಕ್ ಬಿದ್ದರೆ ಉಪಕರಣ ತಾನಾಗಿಯೇ ಟ್ರ್ಯಾಪ್ ಎಂಬ ಎಚ್ಚರಿಕೆ ಸಂದೇಶ ಕಳಿಸುತ್ತದೆ, ಯುಡಿಪಿ ಪೋರ್ಟ್ 162ಕ್ಕೆ. ತಲುಪಿತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಆಗುಂಬೆ ಕಡೆ ಸಿಡಿಲು ಹೊಡೆದು ಇರುವ ಒಂದೇ ದಾರಿ ಹೋದರೆ, ಆ ಸುದ್ದಿಯೂ ಅದೇ ದಾರಿಯಲ್ಲಿ ಬರಬೇಕು ಅಲ್ವಾ? ಇನ್‌ಫಾರ್ಮ್ ಎಂಬ, ಉತ್ತರ ಕೇಳುವ ಬಗೆಯ ಸಂದೇಶ ಇದ್ದರೆ, ಉತ್ತರ ಸಿಗದಾಗ ಉಪಕರಣ ಮತ್ತೆ ಕಳಿಸುತ್ತದೆ. ದಾರಿ ಪೂರ್ತಿ ಸತ್ತಿದ್ದರೆ ಅದೂ ಪ್ರಯೋಜನವಿಲ್ಲ. ಹಾಗಾಗಿ ಟ್ರ್ಯಾಪ್ ನಂಬಿ ಪೋಲಿಂಗ್, ಅಂದರೆ ನಾವೇ ಆಗಾಗ ಕೇಳಿ ಓದುವುದನ್ನು, ನಿಲ್ಲಿಸಬೇಡಿ.

ಸೆಕ್ಯುರಿಟಿ ಬೇಕಿದ್ದರೆ ವರ್ಷನ್ 3. ಹಿಂದಿನ ಎರಡರಲ್ಲೂ ಪಾಸ್‌ವರ್ಡ್ ತರಹದ ‘ಕಮ್ಯುನಿಟಿ’ ಹೆಸರು ತೆರೆದ ಅಕ್ಷರದಲ್ಲೇ ಹೋಗುತ್ತದೆ. ಎಷ್ಟೋ ಕಡೆ ಅದು ಇನ್ನೂ ‘ಪಬ್ಲಿಕ್’ ಎಂದೇ ಇರುತ್ತದೆ. ವರ್ಷನ್ 3 ಪೂರ್ಣ ಸ್ಟ್ಯಾಂಡರ್ಡ್ ಆದದ್ದು 2002ರಲ್ಲಿ, ಇನ್ನೂ ‘ಮುಂದಿನ ಫರ್ಮ್‌ವೇರಿನಲ್ಲಿ ಬರುತ್ತದೆ’ ಅನ್ನುವವರಿದ್ದಾರೆ! ಕಾನ್ಫಿಗರೇಶನ್ ಬದಲಾಯಿಸಲು ಮಾತ್ರ ನನಗೆ ಅದಕ್ಕೆಂದೇ ಇರುವ ಇನ್ನೊಂದು ವ್ಯವಸ್ಥೆ ನೆಟ್‌ಕಾನ್ಫ್ ಇಷ್ಟ. ಸಪೋರ್ಟ್ ಇದ್ದರೆ ಬದಲಾವಣೆಯನ್ನು ಮೊದಲು ಪರೀಕ್ಷಿಸಬಹುದು, ಕೆಟ್ಟರೆ ಹಿಂದಕ್ಕೆ ಹೋಗಬಹುದು.

ಬ್ಯಾಟರಿ, ರೆಕ್ಟಿಫೈಯರ್ ಮಾಹಿತಿ ಉಪಕರಣ ತಯಾರಿಸಿದ ಕಂಪನಿಯ ಸ್ವಂತ ಎಂಐಬಿಯಲ್ಲಿರುತ್ತದೆ, ಅಂದರೆ ಯಾವ ಅಂಕಿ ಯಾವ ಮಾಹಿತಿಯದ್ದು ಎಂದು ಹೇಳುವ ಪಟ್ಟಿಯಲ್ಲಿ. ಆ ಫೈಲ್ ಕೊಡದಿದ್ದರೆ ನಮಗೆ ಕಾಣುವುದು 1.3.6.1.4.1ರಿಂದ ಶುರುವಾಗುವ ಉದ್ದದ ಅಂಕಿಗಳು ಮಾತ್ರ. ಈಗ ಡೆಮೊ ಪೆಟ್ಟಿಗೆ ತರಿಸಿ, ನಮ್ಮ ಟೇಬಲ್ ಮೇಲೆ ಪೂರ್ತಿ ವಾಕ್ (ಪೆಟ್ಟಿಗೆ ಕೊಡುವ ಎಲ್ಲ ಮಾಹಿತಿಯನ್ನೂ ಒಂದೊಂದಾಗಿ ಓದುವುದು) ಓಡಿಸಿ, ಎಂಐಬಿ ಫೈಲ್ ಕೈಗೆ ಬಂದ ಮೇಲೇ ಆರ್ಡರಿಗೆ ಸಹಿ.